ಬೀಬಿಜಾನ್ ಕೈ ಕಟ್ಟಿ ಕೂತದ್ದು

ನಮ್ಮ ಹೊರಪೇಟೆಯ ಬೀದಿಯಲ್ಲಿ ಬೀಬಿಜಾನ್ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಳ್ಳದ ಮಗುವೇ ಇರಲಿಲ್ಲ. ಹೀಗಂತ ಬೀಬಿಜಾನೇ ಹೇಳಿಕೊಳ್ಳುತ್ತಿದ್ದಳು, ಬೀದಿಯವರು ಯಾರೂ ಇಲ್ಲವೆನ್ನುತ್ತಿರಲಿಲ್ಲ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಚಾಚಿ, ಮಗುವನ್ನು ಕವುಚಿ ಮಲಗಿಸಿಕೊಂಡಳೆಂದರೆ ಎಂಥ ಕಿರುಚುವ ಕೂಸೂ ಎರಡನೇ ಚೆಂಬಿಗೆ ಸುಮ್ಮನಾಗುತ್ತಿತ್ತು. ತಾನು ಹೆತ್ತ ಆರು, ನಾದಿನಿಯ ಮೂರು, ಬೀದಿಯವು ಎಷ್ಟೋ. ಎದುರು ಮನೆಯ ಕೌಸಲ್ಯ ಆಸ್ಪತ್ರೆಯಲ್ಲಿ ನರ್ಸು. ಅವಳೂ ತನ್ನ ಮಗನನ್ನು ಎರಡು ತಿಂಗಳು ಬೀಬಿಜಾನ್ ಕಾಲಿಗೇ ಒಪ್ಪಿಸಿದ್ದಳು. ಇಷ್ಟು ಹೆಸರಿದ್ದ ಮೇಲೆ ಸ್ವಲ್ಪ ಜಂಬ ಇರುತ್ತದೆ. ಬೀಬಿಜಾನ್‌ಗೆ ಸ್ವಲ್ಪವಲ್ಲ, ಸಾಕಷ್ಟಿತ್ತು.

ಇನ್ನೊಂದು ಮಾತು. ಆ ಮನೆಯೊಳಗೆ ಆಡುತ್ತಿದ್ದದ್ದು ಉರ್ದು. ಆದರೆ ಬೀಬಿಜಾನ್‌ಗೆ ಸಿಟ್ಟು ಬಂದರೆ ಮಾತು ತಾನಾಗಿ ಕನ್ನಡಕ್ಕೆ ತಿರುಗುತ್ತಿತ್ತು. ನ್ಯಾಯ ತನ್ನ ಕಡೆ ಇದೆ ಅಂತ ಬೀದಿಗೂ ತಿಳಿಯಲಿ ಎಂಬ ಉದ್ದೇಶ. ಹಾಗಾಗಿ ಎಪ್ಪತ್ತೆಂಟನೇ ಇಸವಿಯ ಆ ನಲವತ್ತು ದಿನ ಅಲ್ಲಿ ನಡೆದದ್ದೆಲ್ಲ ನಮಗೆ ಒಂದೂ ಬಿಡದೆ ಗೊತ್ತು.

ಮಗ ಖಲೀಲುಲ್ಲಾ ಟೈಲರು. ಅವನ ಹೆಂಡತಿ ಶರೀಫುನ್ನೀಸಾಗೆ, ಮನೆಯವರ ಬಾಯಲ್ಲಿ ಶರೀಫಾಗೆ, ದಿನ ತುಂಬುತ್ತಾ ಬಂದಾಗ ಕುಣಿಗಲ್‌ನಿಂದ ಅವಳ ತಂದೆ ಹಬೀಬ್ ಸಾಬ್ ಬಂದ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವನು ಮಾತ್ರ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಕೂಸಾಗಿದ್ದಾಗಲೇ ತಾಯಿ ಕಳಕೊಂಡ ಹುಡುಗಿ. ನನ್ನ ಎರಡನೆಯೋಳಿಗೆ ಸೊಂಟ ನೋವು, ನೀರಿನ ಕೊಡ ಎತ್ತೋಕಾಗಲ್ಲ. ಹೆಂಗ್ ಮಾಡೋದು?"

"ಹೆಂಗೂ ಮಾಡ್ಬೇಡಿ. ಇಲ್ಲೇ ಆಗ್ಲಿ," ಎಂದಳು ಬೀಬಿಜಾನ್. "ತವರಿನೋರು ಮೂರು ತಿಂಗಳಲ್ಲಿ ಮಾಡೋದನ್ನ ನಾನು ನಲವತ್ತು ದಿನಕ್ಕೆ ಮಾಡಿ ತೋರಿಸ್ತೀನಿ."

ಗಂಡ ಬುಡನ್ ಸಾಬ್ ಪಾತ್ರೆಗೆ ಕಲಾಯಿ ಹಾಕುವವನು. ಹಿತ್ತಾಳೆ ಪಾತ್ರೆ ಇದ್ದವರ ಮನೆಗೂ ಸ್ಟೀಲು ಬರುತ್ತಿದ್ದ ಕಾಲ ಅದು. ಮಾತು ಅವನಿಗೆ ಮೊದಲೇ ಕಮ್ಮಿ, ಕೆಲಸದ ಜೊತೆ ಇನ್ನೂ ಕಮ್ಮಿಯಾಗಿತ್ತು. "ನೋಡು, ಒಪ್ಪಿಕೊಂಡಿದೀಯ," ಎಂದಷ್ಟೇ ಹೇಳಿದ.

ಜೂನ್ ಮೊದಲ ವಾರ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಬೀಬಿಜಾನ್ ಗಡಿಬಿಡಿ ಮಾಡಿಕೊಂಡು ಮೂರನೇ ದಿನಕ್ಕೆ ಮನೆಗೆ ಕರೆತಂದಳು. ಅವಳ ವ್ಯವಸ್ಥೆಯನ್ನು ನೀವು ನೋಡಬೇಕಿತ್ತು. ಮೆಂತ್ಯದ ಗಂಜಿ, ಒಣಶುಂಠಿ, ಗೋಂದಿನ ಉಂಡೆ, ಬೆಳ್ಳುಳ್ಳಿ ಸಾರು, ಸಾಂಬ್ರಾಣಿ ಹೊಗೆ, ಹಂಡೆ ತುಂಬ ಕುದಿಯುವ ನೀರು. ಮಗು ಕಿಂವ್ ಅಂದರೆ ಸಾಕು, ಶರೀಫಾ ಕೈ ಚಾಚುವುದರೊಳಗೆ ಬೀಬಿಜಾನ್ ಎತ್ತಿಕೊಂಡಾಗಿರುತ್ತಿತ್ತು.

"ನೀನು ಮಲ್ಕೊ. ನಿನಗೇನು ಗೊತ್ತಾಗುತ್ತೆ? ನಾನಿಲ್ವಾ?"

ಶರೀಫಾ ಮಲಗಿದಳು. ಮಲಗಿದವಳು ಗೋಡೆ ಕಡೆ ತಿರುಗಿದಳು. ಮೊದಲು ಉಂಡೆ ಬಿಟ್ಟಳು, ಆಮೇಲೆ ಸಾರು ಬಿಟ್ಟಳು, ಒಂದು ವಾರಕ್ಕೆ ಮಾತೂ ಬಿಟ್ಟಳು. ಕಣ್ಣೀರು ಮಾತ್ರ ತನ್ನ ಪಾಡಿಗೆ ಹರಿಯುತ್ತಿತ್ತು, ಅವಳು ಒರೆಸಿಕೊಳ್ಳುತ್ತಲೂ ಇರಲಿಲ್ಲ. ಹಾಲಿಗೆಂದು ಮಗುವನ್ನು ಪಕ್ಕಕ್ಕೆ ತಂದು ಮಲಗಿಸಿದರೆ ಮೈ ಬಿಗಿಮಾಡಿಕೊಳ್ಳುವಳು.

"ನೀವೇ ಎತ್ಕೊಳ್ಳಿ ಅತ್ತೆ. ನನ್ನ ಕೈಲಿ ಅದು ಅಳುತ್ತೆ. ನಿಮ್ಮ ಕೈಲಿ ಸುಮ್ಮನಿರುತ್ತೆ."

ಇದನ್ನು ಕೇಳಿ ಬೀಬಿಜಾನ್‌ಗೆ ಒಳಗೊಳಗೇ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಯಾರಿಗಾದರೂ ಆಗುತ್ತಿತ್ತು. ಆದರೆ ಹತ್ತನೇ ದಿನ ಸೊಸೆ ತಟ್ಟೆಯನ್ನು ತಳ್ಳಿದಾಗ ಆ ಹೆಮ್ಮೆ ಸಿಟ್ಟಾಯಿತು, ಸಿಟ್ಟು ಕನ್ನಡವಾಯಿತು.

"ಬೆಳಗ್ಗಿಂದ ಒಲೆ ಮುಂದೆ ಬೇಯ್ತಾ ಇದೀನಿ! ಹೆತ್ತೋಳಿಗೆ ಮಗು ಬೇಡ, ಅನ್ನ ಬೇಡ. ಯಾವ ತರ ತಾಯಿ ಕಣೇ ನೀನು?"

ಊಟಕ್ಕೆ ಬಂದಿದ್ದ ಖಲೀಲುಲ್ಲಾ ಬಾಗಿಲಲ್ಲೇ ನಿಂತ. ಶಾಲೆ ಶುರುವಾಗುವ ತಿಂಗಳು. ಖಾಕಿ ಚಡ್ಡಿ, ಬಿಳಿ ಷರಟು ಹೊಲಿದು ಅವನ ಕಣ್ಣು ಕೆಂಪಾಗಿದ್ದವು.

"ಅಮ್ಮಾ, ಮೆತ್ತಗೆ ಮಾತಾಡು. ಹುಷಾರಿಲ್ಲ ಅವಳಿಗೆ."

"ಜ್ವರ ಇಲ್ಲ, ಕೆಮ್ಮಿಲ್ಲ, ಏನು ಹುಷಾರಿಲ್ಲ? ಆರು ಹೆತ್ತಿದೀನಿ ಕಣೋ, ಒಂದು ದಿನ ಗೋಡೆ ನೋಡ್ಕೊಂಡು ಕೂತಿಲ್ಲ ನಾನು!"

ಗಲಾಟೆ ಕೇಳಿ ಕೌಸಲ್ಯ ಬಂದಳು. ಶರೀಫಾಳ ಪಕ್ಕ ಕೂತು ಮೆಲ್ಲಗೆ ನಾಕು ಮಾತು ಕೇಳಿದಳು, ಮರುದಿನವೇ ಆಟೋ ಮಾಡಿ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬೀಬಿಜಾನ್ ಮಗು ಎತ್ತಿಕೊಂಡು ಜೊತೆಗೆ ಹೋದಳು. ಡಾಕ್ಟರು ಎಲ್ಲ ಕೇಳಿ ಮಾತ್ರೆ ಬರೆದರು. "ಇದು ಹುಚ್ಚಲ್ಲಮ್ಮ, ಸೋಮಾರಿತನವೂ ಅಲ್ಲ. ಹೆರಿಗೆ ಆದ ಮೇಲೆ ಕೆಲವರಿಗೆ ಬರುವ ಕಾಯಿಲೆ. ವಾಸಿಯಾಗುತ್ತೆ. ಒಂಟಿಯಾಗಿ ಬಿಡಬೇಡಿ, ಪ್ರತಿ ವಾರ ಕರಕೊಂಡು ಬನ್ನಿ," ಎಂದವರು ಪೆನ್ನು ಮುಚ್ಚುವಾಗ ಕೇಳಿದರು: "ಇವರ ತಾಯಿಗೆ ಹೀಗೇನಾದ್ರೂ ಆಗಿತ್ತಾ?"

"ನನಗೆ ಗೊತ್ತಿಲ್ಲ. ಸತ್ತು ಹೋದಳಂತೆ," ಎಂದಳು ಶರೀಫಾ.

ಆ ಪ್ರಶ್ನೆ ಬೀಬಿಜಾನಳ ತಲೆಯಲ್ಲಿ ಕೂತುಬಿಟ್ಟಿತು.

ಹದಿನಾಲ್ಕನೇ ದಿನ ಮಗುವಿನ ತಲೆಕೂದಲು ತೆಗೆಸಿ, ಹೆಸರಿಟ್ಟು, ಮಗುವಿನ ಹೆಸರಲ್ಲಿ ಕುರಿ ಕೊಯ್ದು ಹಾಕುವ ಅಖೀಖಾದ ಊಟ. ಮಗುವಿಗೆ ನೂರ್‌ಜಹಾನ್ ಅಂತ ಹೆಸರಾಯಿತು. ಕುಣಿಗಲ್‌ನವರು ಬಂದಿದ್ದರು. ಅಡುಗೆ ಮನೆಯಲ್ಲಿ ಹಬೀಬ್ ಸಾಬನ ಎರಡನೇ ಹೆಂಡತಿಗೆ ಕುರಿ ಸಾರು ಬಡಿಸುತ್ತಾ ಬೀಬಿಜಾನ್ ಸಹಜವಾಗಿ ಕೇಳುವಂತೆ ಕೇಳಿದಳು, "ಶರೀಫಾಳ ತಾಯಿ ಯಾವ ಕಾಯಿಲೆಲಿ ಹೋದ್ಲು?"

ಆ ಹೆಂಗಸಿಗೆ ಸಾರು ರುಚಿಸಿತ್ತು, ಬಾಯಿ ಸಡಿಲವಾಗಿತ್ತು. "ಹೋದ್ಲು ಅಂದ್ರೆ... ಗುಬ್ಬಿಗೆ ಹೋದ್ಲು. ಇವಳ ಹಂಗೇ ಗೋಡೆ ನೋಡ್ಕೊಂಡು ಕೂತಿದ್ಲಂತೆ. ಮಗು ಇಟ್ಕೊಂಡು ತವರಿಗೆ ಕಳಿಸಿಬಿಟ್ರಂತೆ," ಎಂದವಳು ನಾಲಗೆ ಕಚ್ಚಿಕೊಂಡಳು.

ಬೀಬಿಜಾನ್ ಸೌಟು ಇಟ್ಟಳು. ಆಮೇಲಿನದೆಲ್ಲ ಕನ್ನಡದಲ್ಲೇ ನಡೆಯಿತು.

"ಹಬೀಬ್ ಸಾಬ್! ಬದುಕಿರೋಳನ್ನ ಸಾಯಿಸಿ ನಮಗೆ ಹೆಣ್ಣು ಕೊಟ್ರಾ?"

"ನಮ್ಮ ಪಾಲಿಗೆ ಸತ್ತಂಗೇ ಅಲ್ವಾ? ಹೇಳಿದ್ರೆ ಯಾರು ಮಾಡ್ಕೊತಿದ್ರು ಇವಳನ್ನ?"

"ರಕ್ತದಲ್ಲಿ ಇರೋದನ್ನ ಮುಚ್ಚಿಟ್ಟು ದಾಟಿಸಿದ್ರಿ. ಕರಕೊಂಡು ಹೋಗಿ ನಿಮ್ಮ ಮಗಳನ್ನ. ಮಗು ನಮ್ಮದು, ಅದು ಇಲ್ಲೇ ಇರುತ್ತೆ. ನಾನು ಸಾಕ್ತೀನಿ!"

ಖಲೀಲುಲ್ಲಾ ಎದ್ದು ನಿಂತ. "ಅಮ್ಮಾ, ಅವಳು ಹೋದ್ರೆ ನಾನೂ ಹೋಗ್ತೀನಿ."

"ಹೋಗೋ! ಹೊಲಿಗೆ ಮೆಷಿನ್ ತಲೆ ಮೇಲೆ ಹೊತ್ಕೊಂಡು ಹೋಗು!"

ಒಳಗಿನ ಕೋಣೆಯಲ್ಲಿ ಶರೀಫಾ ಇದನ್ನೆಲ್ಲ ಕೇಳುತ್ತಿದ್ದಳು ಎಂಬುದು ಯಾರಿಗೂ ನೆನಪಿರಲಿಲ್ಲ. ಬುಡನ್ ಸಾಬನಿಗೆ ಮಾತ್ರ ಇತ್ತು. ಅವನು ಕೈ ತೊಳೆದುಕೊಂಡು ಬಂದು ಹೆಂಡತಿಯ ಮುಂದೆ ನಿಂತ.

"ನಲವತ್ತು ಕಳೀಲಿ. ಹಸಿ ಬಾಣಂತೀನ ಬಸ್ ಹತ್ತಿಸಿದ ಮನೆ ಅಂತ ಅನ್ನಿಸ್ಕೊಬೇಕಾ? ಬೀಬಿಜಾನ್ ಮಾಡಿದ ಬಾಣಂತನ ಅರ್ಧಕ್ಕೆ ನಿಂತ್ಹೋಯ್ತು ಅಂತಾರೆ ಜನ."

ಎಲ್ಲಿ ಒತ್ತಬೇಕೋ ಅಲ್ಲೇ ಒತ್ತಿದ್ದ. "ಸರಿ. ನಲವತ್ತನೇ ದಿನ ಬೆಳಗ್ಗೆ ಬಂದು ಕರಕೊಂಡು ಹೋಗಿ," ಎಂದು ಬೀಬಿಜಾನ್ ಹಬೀಬ್ ಸಾಬನಿಗೆ ಬೆರಳು ತೋರಿಸಿ ಹೇಳಿದಳು.

ಬುಡನ್ ಸಾಬ್ ವಾರಕ್ಕೊಮ್ಮೆ ಗುಬ್ಬಿ ಸಂತೆಯಲ್ಲಿ ತಿದಿ ಹೂಡಿಕೊಂಡು ಕೂರುವವನು. ಆ ವಾರ ಬಂದವರನ್ನೆಲ್ಲ, ಕುಣಿಗಲ್‌ಗೆ ಕೊಟ್ಟು ತವರಿಗೆ ವಾಪಸು ಬಂದ ಹೆಂಗಸು ಯಾರೆಂದು ಕೇಳಿದ. ಮೂರನೆಯವನೇ ಹೇಳಿಬಿಟ್ಟ: "ಕೌದಿ ಹೊಲಿಯೋ ಮಸ್ತಾನ್ ಬೀನಾ? ನಿಮ್ಮ ಹತ್ರಾನೇ ಪಾತ್ರೆ ತರ್ತಾಳಲ್ಲ ಸಾಬ್ರೇ." ನಿಜವೇ. ಆರು ವರ್ಷದಿಂದ ಒಂದೇ ಒಂದು ತಪ್ಪಲೆ ತಂದು, ಕಲಾಯಿ ಸರಿಯಾಗಿ ಕೂರಲಿಲ್ಲ ಅಂತ ಎರಡೆರಡು ಸಲ ಹಾಕಿಸಿಕೊಂಡು ಹೋಗುವ ಎತ್ತರದ ಹೆಂಗಸು. ಹುಚ್ಚಿ ಎಂದು ಯಾರೂ ಹೇಳಲಾರರು, ಗಟ್ಟಿ ಗಿರಾಕಿ.

ಅವಳ ಮನೆಯ ಜಗಲಿಯಲ್ಲಿ ಕೂತು ಬುಡನ್ ಸಾಬ್ ವಿಷಯ ಹೇಳಿದ. ಮಸ್ತಾನ್ ಬೀ ಹೊಲಿಯುತ್ತಿದ್ದ ಕೌದಿಯ ಮೇಲೆ ಕೈ ಊರಿಕೊಂಡು ಕೇಳಿದಳು. ಅಳಲಿಲ್ಲ.

"ಎಷ್ಟು ದಿನ ಆಯ್ತು?"

"ಹದಿನೇಳು."

"ಮಗು ಯಾರ ಕೈಲಿದೆ?"

"ನಮ್ಮನೆಯೋಳ ಕೈಲಿ. ಅದರ ಬಗ್ಗೆ ಚಿಂತೆ ಬೇಡಮ್ಮ. ಕೆಳಗೇ ಇಳಿಸಲ್ಲ, ಅಷ್ಟು ಚೆನ್ನಾಗಿ ನೋಡ್ಕೊಳ್ತಾಳೆ."

"ಅಯ್ಯೋ, ಅದೇ ಆಗಬಾರದಾಗಿತ್ತು," ಎಂದಳು ಮಸ್ತಾನ್ ಬೀ. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಬುರ್ಖಾ ತೆಗೆದುಕೊಂಡಳು.

ಸಂಜೆ ನಾಲ್ಕರ ಹೊತ್ತಿಗೆ ಆ ತಪ್ಪಲೆಯ ಹೆಂಗಸು ಹೊರಪೇಟೆಯ ಬಾಗಿಲಲ್ಲಿ ನಿಂತಿದ್ದಳು. ಬೀಬಿಜಾನ್ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬಂದಳು.

"ಯಾರು ನೀವು?"

"ಶರೀಫಾಳ ತಾಯಿ."

"ಇಪ್ಪತ್ತು ವರ್ಷ ಎಲ್ಲಿದ್ರಿ?"

"ಹನ್ನೊಂದು ಮೈಲಿ ದೂರದಲ್ಲಿ. ಕರೆದಿದ್ರೆ ನಡಕೊಂಡೇ ಬರ್ತಿದ್ದೆ."

ಬೀಬಿಜಾನ್ ತಡೆಯುವ ಮೊದಲೇ ಅವಳು ಕೋಣೆಯೊಳಗೆ ಹೋದಳು. ಶರೀಫಾ ಗೋಡೆಯಿಂದ ಮುಖ ತಿರುಗಿಸಿ ನೋಡಿದಳು. ಅದೇ ಎತ್ತರದ ಹಣೆ, ಅದೇ ಉದ್ದ ಬೆರಳು. ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಹತ್ತು ದಿನದಿಂದ ಸರಿಯಾಗಿ ಬಾಯಿ ಬಿಡದಿದ್ದ ಹುಡುಗಿ ಎದ್ದು ಕೂತು ಕಿರುಚಿದಳು.

"ಸತ್ತೋಳು ಈಗ ಬಂದ್ಯಾ? ನಾನು ದೊಡ್ಡಮ್ಮನ ಮನೇಲಿ ಆರು ತಿಂಗಳು, ಚಿಕ್ಕಮ್ಮನ ಮನೇಲಿ ಆರು ತಿಂಗಳು ಬೆಳೆದೆ. ಒಬ್ರೂ ಮಡಿಲಲ್ಲಿ ಕೂರಿಸ್ಕೊಳ್ಳಲಿಲ್ಲ. ಮಗೂನ ಹೆಂಗೆ ಎತ್ಕೊಬೇಕು ಅಂತ ನನಗೆ ಹೆಂಗೆ ಗೊತ್ತಾಗುತ್ತೆ? ಯಾರು ನನ್ನ ಎತ್ಕೊಂಡಿದ್ರು?"

"ಬೈ. ಇನ್ನೂ ಬೈ. ಬೈಯೋಕೆ ಶಕ್ತಿ ಬೇಕು, ಮೊದಲು ಗಂಜಿ ಕುಡಿ," ಎಂದಳು ಮಸ್ತಾನ್ ಬೀ. ತಾನೂ ಅಳುತ್ತಲೇ ಬಟ್ಟಲನ್ನು ಮಗಳ ಬಾಯಿಗೆ ಹಿಡಿದಳು. ಶರೀಫಾ ಬೈಯುತ್ತಾ ಬೈಯುತ್ತಾ ಅರ್ಧ ಬಟ್ಟಲು ಕುಡಿದಳು. ಬೀಬಿಜಾನ್ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

ಆಮೇಲೆ ಅಡುಗೆ ಮನೆಯಲ್ಲಿ ಇಬ್ಬರು ಬೀಗಿತ್ತಿಯರಿಗೂ ಜಗಳ ಹತ್ತಿತು.

"ರಕ್ತದಲ್ಲಿ ಬಂದದ್ದು ಅಂತ ಗೊತ್ತಿದ್ದೂ ಮದುವೆ ಹೊತ್ತಿಗೆ ಒಂದು ಮಾತು ಹೇಳಿ ಕಳಿಸಲಿಲ್ಲ ನೀವು," ಎಂದಳು ಬೀಬಿಜಾನ್.

"ಮದುವೆ ಆದದ್ದೇ ನನಗೆ ಗೊತ್ತಿಲ್ಲ. ಹೂಂ, ರಕ್ತದಲ್ಲೇ ಬಂದಿದೆ. ನನ್ನ ಹಣೆ, ನನ್ನ ಬೆರಳು ಬಂದಂಗೆ ಇದೂ ಬಂದಿದೆ. ನಾನೇನು ನಾಚಿಕೊಳ್ಳಲ್ಲ. ನಮ್ಮಮ್ಮನಿಗೂ ನಾನು ಹುಟ್ಟಿದಾಗ ಬಂದಿತ್ತು. ಮೂರು ತಿಂಗಳಿಗೆ ಹೋಯ್ತು. ಆಮೇಲೆ ಇನ್ನೂ ನಾಕು ಹೆತ್ತು ಹುಲಿ ಹಂಗೆ ಸಾಕಿದ್ಲು."

"ನಿಮಗೆ ಯಾಕೆ ಹೋಗಲಿಲ್ಲ ಮತ್ತೆ?"

"ನನಗೂ ಹೋಯ್ತು. ಐದು ತಿಂಗಳಿಗೆ. ಅಷ್ಟೊತ್ತಿಗೆ ಮಗು ಇರಲಿಲ್ಲ ಕೈಲಿ." ಮಸ್ತಾನ್ ಬೀ ಒಲೆಯ ಕಡೆ ನೋಡುತ್ತಾ ಹೇಳಿದಳು. "ನಮ್ಮಮ್ಮನ ಮನೇಲಿ ಮಗು ಎತ್ತಿಕೊಳ್ಳೋಕೆ ಬೇರೆ ಯಾರೂ ಇರಲಿಲ್ಲ. ಪಕ್ಕದ ಮನೆ ದೊಡ್ಡಗಂಗಮ್ಮ ಬಂದು ಅಡುಗೆ ಮಾಡೋಳು, ಬಟ್ಟೆ ಒಗೆಯೋಳು, ಪಕ್ಕ ಕೂರೋಳು. ಮಗೂನ ಮಾತ್ರ ನಮ್ಮಮ್ಮನ ಮಡಿಲಲ್ಲೇ ಇಡೋಳಂತೆ. ಕುಣಿಗಲ್‌ನಲ್ಲಿ ನನಗೆ ಏಳು ಜನ ಇದ್ರು. ಎಲ್ಲಾ ಒಳ್ಳೇವ್ರೇ. 'ನೀನು ಮಲ್ಕೊ, ನಾವಿಲ್ವಾ' ಅಂದ್ರು. ನನ್ನ ಕೈಲಿ ಆಗಲ್ಲ ಅಂತ ನಾನೂ ನಂಬಿಬಿಟ್ಟೆ. ಇಪ್ಪತ್ತನೇ ದಿನ ಗಾಡಿ ಹತ್ತಿಸಿದ್ರು. ವಾಸಿಯಾಗಿ ಬಂದಾಗ 'ಮಗು ನಿನ್ನ ಮುಖ ಮರೆತಿದೆ, ಈಗ್ಯಾಕೆ ಬಂದೆ' ಅಂದು ಬಾಗಿಲು ಹಾಕಿಕೊಂಡ್ರು."

ಬೀಬಿಜಾನ್ ಹೆಗಲ ಮೇಲಿನ ಮಗುವನ್ನು ನೋಡಿದಳು. ನೀನು ಮಲ್ಕೊ, ನಾನಿಲ್ವಾ. ಆ ಮಾತನ್ನು ಅವಳು ದಿನಕ್ಕೆ ಹತ್ತು ಸಲ ಹೇಳಿದ್ದಳು, ಪ್ರೀತಿಯಿಂದಲೇ. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. "ಹಂಗಾದ್ರೆ ನಾನೇನು ಮಾಡ್ಬೇಕು? ಕೈ ಕಟ್ಟಿ ಕೂತ್ಕೊಬೇಕಾ?" ಎಂದಳು.

"ಹೂಂ," ಎಂದಳು ಮಸ್ತಾನ್ ಬೀ.

ನಮ್ಮ ಬೀದಿಗೆ ಇದೊಂದು ನೋಡುವಂಥ ವಿಷಯವಾಯಿತು. ಬೀಬಿಜಾನ್ ಅಡುಗೆ ಮಾಡಬಹುದು, ಬಟ್ಟೆ ಒಗೆಯಬಹುದು, ಹಂಡೆ ಕಾಯಿಸಬಹುದು, ಸೊಸೆಯ ಕೈಗೆ ಮಾತ್ರೆ ಕೊಡಬಹುದು. ಶರೀಫಾ ತಾನಾಗಿ ಕೊಟ್ಟರೆ ಹೊರತು ಮಗುವನ್ನು ಮುಟ್ಟುವಂತಿಲ್ಲ. ಮಸ್ತಾನ್ ಬೀ ಮಗಳ ಪಕ್ಕ ಕೌದಿ ಹರಡಿಕೊಂಡು ಕೂತಿರುವಳು. ಮಗಳನ್ನು ಒಂಟಿ ಬಿಡುವವಳಲ್ಲ. ಮಗಳ ಕೆಲಸ ತಾನು ಮಾಡುವವಳೂ ಅಲ್ಲ. ಮಗು ಅತ್ತಾಗ ಬೀಬಿಜಾನ್ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಜಗಲಿಗೆ ಓಡಿಬರುವಳು.

"ಏನ್ ಬೀಬಿಮಾ, ಚಳೀನಾ?" ಎಂದು ಕೌಸಲ್ಯ ರೇಗಿಸುವಳು.

"ಸುಮ್ನಿರಮ್ಮ. ಕೈ ಕಡೀತಾ ಇದೆ ನಂಗೆ."

ಆ ಇಪ್ಪತ್ಮೂರು ದಿನದಲ್ಲಿ ಅವಳು ಕುಟ್ಟಿದ ಖಾರದಪುಡಿ ನಮ್ಮ ಬೀದಿಗೆಲ್ಲ ಒಂದು ವರ್ಷಕ್ಕೆ ಸಾಕಾಗುವಷ್ಟಿತ್ತು.

ಎಲ್ಲಾ ನೆಟ್ಟಗೇನೂ ನಡೆಯಲಿಲ್ಲ. ಇಪ್ಪತ್ತಾರನೇ ದಿನ ಶರೀಫಾ ಮತ್ತೆ ಗೋಡೆ ಕಡೆ ತಿರುಗಿ, "ನನ್ನ ಕೈಲಾಗಲ್ಲ, ಇದಕ್ಕೆ ನಾನು ತಾಯಿಯಲ್ಲ," ಎಂದು ಮುಸುಕು ಎಳೆದುಕೊಂಡಳು. ಮಗು ಅಳತೊಡಗಿತು. ಬೀಬಿಜಾನ್ ಒಲೆ ಬಿಟ್ಟು ಎದ್ದು ಬಂದಳು. ಮಸ್ತಾನ್ ಬೀ ಹೊಸಿಲಿಗೆ ಅಡ್ಡ ಕೂತಿದ್ದಳು.

"ಏಳಿ! ಕೂಸಿಗೆ ಗಂಟಲು ಒಣಗ್ತಾ ಇದೆ!"

"ಹತ್ತು ಎಣಿಸಿ."

"ನಿಮಗೆ ಕರುಳಿಲ್ವಾ?"

"ಇರೋದಕ್ಕೇ ಕೂತಿದೀನಿ. ಎಣಿಸಿ."

ಬೀಬಿಜಾನ್ ನಿಜವಾಗಿಯೂ ಎಣಿಸಿದಳು, ಹಲ್ಲು ಕಚ್ಚಿಕೊಂಡು, ಕನ್ನಡದಲ್ಲಿ. ಎಂಟಕ್ಕೆ ಬಂದಾಗ ಮುಸುಕು ಸರಿಯಿತು. ಶರೀಫಾ ಮಗುವನ್ನು ಎತ್ತಿಕೊಂಡಳು. ಎತ್ತಿಕೊಂಡದ್ದು ಸರಿಯಿರಲಿಲ್ಲ, ಕತ್ತಿಗೆ ಕೈ ಕೊಟ್ಟದ್ದು ಓರೆಯಾಗಿತ್ತು. ಮಸ್ತಾನ್ ಬೀ ಎದ್ದು ಹೋಗಿ ಮೊಣಕೈ ಕೆಳಗೆ ಒಂದು ದಿಂಬು ತಳ್ಳಿದಳು, ಅಷ್ಟೇ. ಮಗು ಸುಮ್ಮನಾಯಿತು. ಶರೀಫಾ ತಲೆ ಎತ್ತಿ ಅತ್ತೆಯನ್ನು ನೋಡಿದಳು.

"ನನ್ನ ಕೈಲೂ ಸುಮ್ಮನಾಯ್ತು, ಅತ್ತೆ."

"ಆಗ್ದೆ ಏನು? ನಿನ್ನ ಮಗು," ಎಂದು ಬೀಬಿಜಾನ್ ಅಡುಗೆ ಮನೆಗೆ ಹೋಗಿ ಮೂಗು ಒರೆಸಿಕೊಂಡಳು. ಈರುಳ್ಳಿ ಖಾರ ಎಂದು ಗಂಡನಿಗೆ ಹೇಳಿದಳು. ಆ ದಿನ ಅಡುಗೆಗೆ ಈರುಳ್ಳಿಯೇ ಇರಲಿಲ್ಲ.

ಮಾತ್ರೆಯೂ ಕೆಲಸ ಮಾಡಿತು, ಡಾಕ್ಟರೂ ಪ್ರತಿ ವಾರ ನೋಡಿದರು, ಅದನ್ನು ಮರೆಯಬಾರದು. ಒಂದು ಮಧ್ಯಾಹ್ನ ಖಲೀಲುಲ್ಲಾ ಊಟಕ್ಕೆ ಬಂದಾಗ ಹೆಂಡತಿ ತಾನೇ ತಟ್ಟೆ ತಂದಿಟ್ಟಳು. "ಸಾರಿಗೆ ಉಪ್ಪು ಜಾಸ್ತಿ," ಎಂದು ಅತ್ತೆಯ ಅಡುಗೆಗೆ ಹೆಸರೂ ಇಟ್ಟಳು. ಅವನು ಆ ಸಾರನ್ನು ಮೂರು ಸಲ ಬಡಿಸಿಕೊಂಡ.

ನಲವತ್ತನೇ ದಿನ ಬೆಳಗ್ಗೆಯೇ ಕುಣಿಗಲ್ ಬಸ್ಸಿಗೆ ಹಬೀಬ್ ಸಾಬ್ ಬಂದಿಳಿದ. ಹೇಳಿದ ಮಾತು ತಪ್ಪುವವನಲ್ಲ, ಮಗಳನ್ನು ಕರೆದುಕೊಂಡು ಹೋಗಲು ಖಾಲಿ ಟ್ರಂಕು ಸಮೇತ ಬಂದಿದ್ದ. ಬೀಬಿಜಾನ್ ಎರಡು ಕೈಯಲ್ಲೂ ಕುದಿಯುವ ನೀರಿನ ಬಕೆಟ್ಟು ಹಿಡಿದು ಬಚ್ಚಲ ಕಡೆ ಹೋಗುತ್ತಿದ್ದಳು. ತನ್ನ ಹಂಡೆಯನ್ನು ಬೇರೆಯವರು ಮುಟ್ಟಿದರೆ ಸಹಿಸದ ಹೆಂಗಸು ಬೆಳಗ್ಗೆಯಿಂದ ಬೇರೆಯವರಿಗೆ ನೀರು ಹೊರುತ್ತಿದ್ದಳು.

"ಶರೀಫಾ ರೆಡಿನಾ? ಹನ್ನೊಂದಕ್ಕೆ ಬಸ್ಸಿದೆ," ಎಂದ ಹಬೀಬ್ ಸಾಬ್.

"ಟ್ರಂಕು ಹೊರಗೇ ಇಡಿ. ಅದು ಬಂದ ಬಸ್ಸಲ್ಲೇ ಹೋಗುತ್ತೆ. ನಮ್ಮ ಸೊಸೆ ಎಲ್ಲಿಗೂ ಬರಲ್ಲ."

ಬಚ್ಚಲಿನಿಂದ ಒಂದು ಹೆಂಗಸಿನ ದನಿ ಕೇಳಿತು. "ಕಾಲು ಇನ್ನೂ ಹತ್ತಿರ ಮಾಡ್ಕೊ, ಮಗಾ. ಹಾಂ, ಹಂಗೆ." ಹಬೀಬ್ ಸಾಬ್ ಟ್ರಂಕನ್ನು ನಿಂತಲ್ಲೇ ಇಳಿಸಿಬಿಟ್ಟ. ಇಪ್ಪತ್ತು ವರ್ಷವಾದರೂ ಕೆಲವು ದನಿ ಮರೆಯುವುದಿಲ್ಲ.

"ಒಳಗೆ ಯಾರು?"

"ಸತ್ತಳು ಅಂತ ನೀವು ಹೇಳಿದ್ರಲ್ಲ, ಅವರು," ಎಂದಳು ಬೀಬಿಜಾನ್. "ನಲವತ್ತರ ನೀರು ಬಾಣಂತಿಗೆ ಅವಳ ತಾಯಿ ಹಾಕ್ತಿದಾಳೆ. ಮುಗಿಯೋವರೆಗೂ ಕೂತ್ಕೊಳ್ಳಿ. ಟೀ ಕೊಡ್ತೀನಿ."

ಅವಳು ಬಕೆಟ್ಟು ಒಳಗಿಟ್ಟು ಬಾಗಿಲ ಪರದೆ ಹಿಡಿದು ನಿಂತಳು. ಮಣೆಯ ಮೇಲೆ ಶರೀಫಾ ಕಾಲು ಚಾಚಿ ಕೂತಿದ್ದಳು. ಕಾಲ ಮೇಲೆ ಮಗು ಕವುಚಿ ಮಲಗಿತ್ತು. ಮಗಳು ಮಗುವಿಗೆ ಚೆಂಬಿನಿಂದ ನೀರು ಹಾಕುತ್ತಿದ್ದಳು, ಹಿಂದೆ ನಿಂತ ತಾಯಿ ಮಗಳ ತಲೆಗೆ ಹಾಕುತ್ತಿದ್ದಳು. ತನ್ನ ಮಗುವಿಗೆ ಇಪ್ಪತ್ತನೇ ದಿನಕ್ಕೆ ತಪ್ಪಿಹೋಗಿದ್ದ ನೀರನ್ನು ಮಸ್ತಾನ್ ಬೀ ಈಗ ಆತುರವಿಲ್ಲದೆ, ಒಂದೊಂದೇ ಚೆಂಬಾಗಿ ಸುರಿಯುತ್ತಿದ್ದಳು. ಮಗುವಿನ ಕಿವಿಯ ಹಿಂದೆ ಸೋಪಿನ ನೊರೆ ಹಾಗೇ ಉಳಿದಿತ್ತು. ಬೀಬಿಜಾನ್‌ಗೆ ಅದು ಕಂಡಿತು. ಅವಳ ಕೈ ಪರದೆಯನ್ನು ಬಿಟ್ಟಿತು, ಮತ್ತೆ ಹಿಡಿದುಕೊಂಡಿತು. ಮೂರನೇ ಚೆಂಬಿಗೆ ಶರೀಫಾ ತಾನೇ ಕಿವಿ ಮಡಚಿ ನೊರೆ ತೊಳೆದಳು.

ಹಬೀಬ್ ಸಾಬನಿಗೆ ಏನಾದರೂ ಹೇಳಬೇಕಿತ್ತು. "ಮಗುಗೆ ನೀವು ನೀರು ಹಾಕ್ತಿಲ್ವಾ, ಬೀಬಿಮಾ?" ಎಂದ.

ಬೀಬಿಜಾನ್ ತಿರುಗಿ ನಿಂತಳು. ಆ ದಿನ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಆದರೂ ಕನ್ನಡದಲ್ಲೇ ಹೇಳಿದಳು, ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ:

"ಈ ಬೀದಿ ಮಕ್ಕಳಿಗೆಲ್ಲ ನಾನೇ ಹಾಕಿರೋದು. ಈ ಮಗುಗೆ ಮಾತ್ರ ಅವರಮ್ಮ ಹಾಕ್ತಾಳೆ!"